ರಾತ್ರಿ ಎರಡು ಗಂಟೆಯ ಕೋರ್ಟು: ಹಳೇ ನೋವಿನ ಜೊತೆ ಬದುಕುವವರಿಗೆ ಕ್ಷಮೆಯ ಮಾರ್ಗದರ್ಶಿ

ರಾತ್ರಿ ಎರಡು ಗಂಟೆ. ಮಗ್ಗುಲು ಬದಲಿಸುವಾಗ ಸೊಂಟದಲ್ಲಿ ಚಳಕ್ ಅಂತ ಒಂದು ಎಳೆತ. ಎಚ್ಚರ. ಅಷ್ಟೇ ಆಗಿದ್ದರೆ ಮತ್ತೆ ನಿದ್ದೆ ಹತ್ತುತ್ತಿತ್ತೇನೋ. ಆದರೆ ಎಚ್ಚರವಾದ ಎರಡನೇ ನಿಮಿಷಕ್ಕೆ ನನ್ನ ತಲೆಯೊಳಗೆ ಕೋರ್ಟು ಶುರುವಾಗುತ್ತದೆ. ಕಟಕಟೆಯಲ್ಲಿ ಆ ಹುಡುಗ. ಇಂಡಿಕೇಟರ್ ಹಾಕದೆ ಬೈಕ್ ತಿರುಗಿಸಿ, ನನ್ನ ಸ್ಕೂಟರ್ ಬೀಳಿಸಿ, "ನೋಡ್ಕೊಂಡು ಓಡ್ಸೋಕಾಗಲ್ವಾ ಆಂಟಿ" ಅಂತ ನನಗೇ ಬೈದು ಹೋದವನು. ಅವನ ವಿಚಾರಣೆ ಮುಗಿಯುವಷ್ಟರಲ್ಲಿ ಮೂರು ಗಂಟೆ. ಆಮೇಲೆ ಡಾಕ್ಟರು. ಆಮೇಲೆ ಅತ್ತಿಗೆ. ತೀರ್ಪು ಮಾತ್ರ ಒಂದು ದಿನವೂ ಬಂದದ್ದಿಲ್ಲ, ಬರೀ ವಾಯಿದೆ. ಮಾರನೇ ರಾತ್ರಿ ಎರಡಕ್ಕೆ ಮತ್ತೆ ನಾನೇ ಹಾಜರಾಗಬೇಕು. ಅವರು ಮೂವರೂ ಎಲ್ಲೋ ಆರಾಮಾಗಿ ಗೊರಕೆ ಹೊಡೆಯುತ್ತಿರುತ್ತಾರೆ.

ಹೀಗೆ ಐದಾರು ವರ್ಷ ಕೋರ್ಟು ನಡೆಸಿದ್ದೇನೆ. ಈಗಲೂ ಪೂರ್ತಿ ಮುಚ್ಚಿಲ್ಲ, ಆದರೆ ದಿನಾ ಕೂರುವುದಿಲ್ಲ. ಅದು ಹೇಗಾಯಿತು ಅಂತ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಹಾಸನದ ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಇದರಲ್ಲಿ ಅರ್ಧ ಓದಿ ತಿಳಿದದ್ದು, ಅರ್ಧ ಬಿದ್ದು ಎದ್ದು ಕಲಿತದ್ದು.

ಮೊದಲೇ ಒಂದು ಮಾತು

ಕ್ಷಮಿಸಿದರೆ ನೋವು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ನೋವು ಹೋಗಿಲ್ಲ. ಫಿಸಿಯೋಥೆರಪಿ ಬಿಟ್ಟಿಲ್ಲ, ಮಾತ್ರೆ ಪೂರ್ತಿ ಬಿಟ್ಟಿಲ್ಲ. ನೀವೂ ಬಿಡಬೇಡಿ. ಬದಲಾದದ್ದು ನೋವಿನ ಮೇಲೆ ದಿನಾ ಕಟ್ಟುತ್ತಿದ್ದ ಬಡ್ಡಿ.

ಇನ್ನೊಂದು. "ಹೋಗ್ಲಿ ಬಿಡು, ಕ್ಷಮಿಸಿಬಿಡು" ಅಂತ ನಮ್ಮಲ್ಲಿ ಹೇಳುವವರಿಗೆ ಬರವಿಲ್ಲ. ಅದರಲ್ಲೂ ಹೆಂಗಸರಿಗೆ. ಆ ಮಾತಿನ ಅರ್ಥ ಸಾಮಾನ್ಯವಾಗಿ "ಸುಮ್ನಿರು, ನಮಗೆ ಕಿರಿಕಿರಿ" ಅಂತ. ನಾನು ಹೇಳುತ್ತಿರುವ ಕ್ಷಮೆ ಅದಲ್ಲ. ಇದರಲ್ಲಿ ಅವರು ಮಾಡಿದ್ದು ತಪ್ಪು ಅನ್ನುವುದು ತಪ್ಪಾಗಿಯೇ ಉಳಿಯುತ್ತದೆ. ಮರೆಯಬೇಕಿಲ್ಲ. ಅವರ ಮನೆಗೆ ಹೋಗಿ ಕಾಫಿ ಕುಡಿಯಬೇಕಿಲ್ಲ. ಅಪಘಾತದ ಪರಿಹಾರದ ಕೇಸ್ ಹಾಕಿದ್ದರೆ ಅದನ್ನು ವಾಪಸ್ ತೆಗೆಯಬೇಕಿಲ್ಲ, ಹೊರಗಿನ ಕೋರ್ಟು ತನ್ನ ಪಾಡಿಗೆ ನಡೆಯಲಿ. ನಾವು ಮುಚ್ಚುತ್ತಿರುವುದು ಒಳಗಿನದನ್ನು.

ಸಿಟ್ಟು ಬೆನ್ನಿಗೆ ಯಾಕೆ ಬೀಳುತ್ತದೆ

ನೋವು ಮೂರು ತಿಂಗಳಿಗಿಂತ ಜಾಸ್ತಿ ಉಳಿದರೆ, ಇಲ್ಲವೇ ಬಿಟ್ಟುಬಿಟ್ಟು ಬರುತ್ತಲೇ ಇದ್ದರೆ, ಅದನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ಎಷ್ಟೋ ಜನರಲ್ಲಿ ಆ ಹೊತ್ತಿಗೆ ಮೊದಲಿನ ಗಾಯ ಮಾಗಿರುತ್ತದೆ, ನರಗಳ ಅಲಾರಂ ಮಾತ್ರ ಬಡಿದುಕೊಳ್ಳುತ್ತಲೇ ಇರುತ್ತದೆ. ಬೆಕ್ಕು ಹಾದುಹೋದರೂ ಕೂಗಿಕೊಳ್ಳುವ ಕಾರುಗಳಿರುತ್ತವಲ್ಲ, ಹಾಗೆ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ನೋವು ನಿಜವಾಗಿಯೇ ಇರಬಹುದು.

ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿ ಬರೆಯಿತು. ಅದರ ಪ್ರಕಾರ ನೋವು ಮೈಗೂ ಭಾವನೆಗೂ ಒಟ್ಟಿಗೆ ಸೇರಿದ ಅನುಭವ. ಜೊತೆಗಿರುವ ಟಿಪ್ಪಣಿಯಲ್ಲಿ ಇನ್ನೊಂದು ಮಾತಿದೆ: ಯಾರಾದರೂ ನನಗೆ ನೋವಿದೆ ಅಂದರೆ ಆ ಮಾತಿಗೆ ಬೆಲೆ ಕೊಡಬೇಕು. ಇದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಒಂದಿಬ್ಬರ ಮನೆ ಬಾಗಿಲಿಗೆ ಅಂಟಿಸಿ ಬರೋಣ ಅನ್ನಿಸಿತ್ತು ನನಗೆ.

ಮಿದುಳು ನೋವಿನ ಸುದ್ದಿಯನ್ನು ಸುಮ್ಮನೆ ಕೇಳಿಸಿಕೊಂಡು ಕೂರುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ಗೇಟಿನಂಥ ವ್ಯವಸ್ಥೆ ಇದೆ, ಮೇಲಿನಿಂದ ಬರುವ ಸಂದೇಶಗಳು ಅದನ್ನು ತೆರೆಯುತ್ತವೆ, ಮುಚ್ಚುತ್ತವೆ ಅಂತ ಮೆಲ್ಝಾಕ್ ಮತ್ತು ವಾಲ್ ಅನ್ನುವವರು 1965ರಲ್ಲೇ ಹೇಳಿದರು. ವಿವರಗಳು ಆಮೇಲೆ ತಿದ್ದುಪಡಿಯಾದವು, ಮೂಲ ವಿಚಾರ ಉಳಿದುಕೊಂಡಿತು. ಇನ್ನು ಸಿಟ್ಟಿನ ವಿಷಯ. ಹಳೇ ಬೆನ್ನುನೋವು ಇರುವವರಿಗೆ ಸಿಟ್ಟು ಬರಿಸಿದ ಘಟನೆಯೊಂದನ್ನು ನೆನಪಿಸಿಕೊಳ್ಳಲು ಹೇಳಿ, ಅವರ ಸೊಂಟದ ಸ್ನಾಯು ಎಷ್ಟು ಬಿಗಿಯಾಗುತ್ತದೆ ಅಂತ ಸಂಶೋಧಕರು ಅಳೆದು ನೋಡಿದ್ದಾರೆ. ಬಿಗಿಯಾಗುತ್ತದೆ, ಅದೂ ನೋವಿರುವ ಜಾಗದಲ್ಲೇ. ಇದಕ್ಕೆ ಯಂತ್ರ ಬೇಡ. ಈಗಲೇ ನಿಮಗೆ ಆಗದವರೊಬ್ಬರನ್ನು ನೆನೆಸಿಕೊಳ್ಳಿ, ಹಲ್ಲು ಕಚ್ಚಿದ್ದೀರಾ, ಭುಜ ಕಿವಿಯ ಹತ್ತಿರ ಬಂದಿದೆಯಾ ನೋಡಿ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2008ರಲ್ಲಿ ಹನ್ನೆರಡು ವಾಕ್ಯಗಳ ಒಂದು ಪ್ರಶ್ನಾವಳಿ ಮಾಡಿದರು. ಇನ್ನೊಬ್ಬರ ಅಜಾಗರೂಕತೆಯಿಂದ ನಾನು ಅನುಭವಿಸುತ್ತಿದ್ದೇನೆ, ನನ್ನ ಕಷ್ಟ ಎಷ್ಟು ಅಂತ ಜನಕ್ಕೆ ಗೊತ್ತಿಲ್ಲ, ಈ ಥರದ ವಾಕ್ಯಗಳು ಎಷ್ಟು ಸಲ ತಲೆಗೆ ಬರುತ್ತವೆ ಅಂತ ಅದರಲ್ಲಿ ಗುರುತು ಹಾಕಬೇಕು. "ನನಗೆ ಅನ್ಯಾಯವಾಗಿದೆ" ಅನ್ನುವ ಭಾವನೆ ಗಟ್ಟಿಯಾಗಿರುವವರಲ್ಲಿ ನೋವು, ಖಿನ್ನತೆ ಎರಡೂ ಜಾಸ್ತಿ ಇರುತ್ತವೆ, ಕೆಲಸಕ್ಕೆ ವಾಪಸ್ ಹೋಗುವುದು ನಿಧಾನವಾಗುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2005ರಲ್ಲಿ ಬೆನ್ನುನೋವಿನ ರೋಗಿಗಳನ್ನು ನೋಡಿದಾಗ, ಕ್ಷಮಿಸುವ ಸ್ವಭಾವ ಜಾಸ್ತಿ ಇದ್ದವರಲ್ಲಿ ಸಿಟ್ಟೂ ನೋವೂ ಕಡಿಮೆ ಇದ್ದವು. ಆದರೆ ಕ್ಷಮಿಸಿದ್ದರಿಂದ ನೋವು ಕಡಿಮೆಯಾಯಿತೋ, ನೋವು ಕಡಿಮೆ ಇದ್ದದ್ದಕ್ಕೆ ಕ್ಷಮಿಸುವುದು ಸುಲಭವಾಯಿತೋ ಅನ್ನುವುದು ಇಂಥ ಅಧ್ಯಯನದಿಂದ ಗೊತ್ತಾಗುವುದಿಲ್ಲ. ಎರಡೂ ಒಟ್ಟಿಗೆ ಓಡಾಡುತ್ತವೆ ಅಂತ ಮಾತ್ರ ಹೇಳಬಹುದು. ಗಣಿತದವಳಾಗಿ ಇದನ್ನು ಹೇಳದೆ ಮುಂದಕ್ಕೆ ಹೋಗಲಾರೆ.

ಹೆಜ್ಜೆ 1: ಆರೋಪಿಗಳ ಪಟ್ಟಿ ಮಾಡಿ

ಒಂದು ನೋಟ್‌ಬುಕ್ ತಗೊಳ್ಳಿ. ಮೂರು ಕಾಲಂ ಎಳೆಯಿರಿ. ಯಾರು. ಏನು ಮಾಡಿದರು. ಅದರಿಂದ ನನ್ನ ಕೈತಪ್ಪಿ ಹೋದದ್ದೇನು.

ನಾಚಿಕೆ ಬೇಡ, ಯಾರೂ ಓದುವುದಿಲ್ಲ. ನನ್ನ ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು. ಬೈಕಿನ ಹುಡುಗ, "ಸ್ಕ್ಯಾನಲ್ಲಿ ಏನೂ ಇಲ್ಲಮ್ಮ, ಮನೇಲಿ ಟೆನ್ಷನ್ ಇದೆಯಾ" ಅಂದ ಡಾಕ್ಟರು, "ಕೆಲಸ ಬಂದಾಗ ಮಾತ್ರ ಇವಳಿಗೆ ಬೆನ್ನುನೋವು" ಅಂತ ಅಡುಗೆಮನೆಯಲ್ಲಿ ನನಗೆ ಕೇಳಿಸುವ ಹಾಗೇ ಹೇಳಿದ ಅತ್ತಿಗೆ, ಎಷ್ಟು ಕೇಳಿಕೊಂಡರೂ ಎರಡನೇ ಮಹಡಿಯ ಕ್ಲಾಸೇ ಹಾಕಿದ ಟೈಮ್‌ಟೇಬಲ್‌ನವರು. ದೇವರ ಹೆಸರೂ ಇತ್ತು. ಕೊನೆಯ ಹೆಸರು ನನ್ನದೇ.

ಮೊದಲ ಎರಡು ಕಾಲಂ ಸರಸರ ತುಂಬಿದವು. ಮೂರನೆಯದರಲ್ಲಿ ಪೆನ್ನು ನಿಂತಿತು. ಹುಡುಗನ ಮುಂದೆ ಬರೆದೆ: ಕೆಳಗೆ ಕೂತು ರಂಗೋಲಿ ಹಾಕುವುದು. ಅಮ್ಮನ ಊರಿಗೆ ಬಸ್ಸಿನಲ್ಲಿ ಹೋಗುವುದು. ಅಣ್ಣನ ಮಗುವನ್ನು ಎತ್ತಿಕೊಳ್ಳುವುದು, ಈಗ ಅವನು ಎತ್ತಿಕೊಳ್ಳುವ ವಯಸ್ಸು ದಾಟಿದ್ದಾನೆ. ಇಷ್ಟು ಬರೆದ ಮೇಲೆ ಸಿಟ್ಟಿಗಿಂತ ಜಾಸ್ತಿ ಅಳು ಬಂತು. ಅಲ್ಲಿವರೆಗೆ ಒಂದು ಸಲವೂ ಹಾಗೆ ಅತ್ತಿರಲಿಲ್ಲ, ಬರೀ ವಾದ ಮಾಡಿದ್ದೆ. ಕಳೆದುಕೊಂಡದ್ದಕ್ಕೆ ದುಃಖ ಪಡಬೇಕಾದ ಕಡೆ ಸಿಟ್ಟು ಬಂದು ಕೂತುಬಿಟ್ಟಿರುತ್ತದೆ. ಹಾಗಾಗಿ ಮೂರನೇ ಕಾಲಂ ತುಂಬಲು ಒಂದು ವಾರ ತಗೊಳ್ಳಿ. ಅಳು ಬಂದರೆ ಅಳಿ. ಇಲ್ಲಿ ಆತುರ ಮಾಡಿದರೆ ಮುಂದಿನದೆಲ್ಲ ನಾಟಕವಾಗುತ್ತದೆ.

ಹೆಜ್ಜೆ 2: ಚಿಕ್ಕ ಕೇಸು ಆರಿಸಿ

ಆಸ್ಪತ್ರೆಯಲ್ಲಿ ಕೇಳುತ್ತಾರಲ್ಲ, ನೋವು ಹತ್ತಕ್ಕೆ ಎಷ್ಟು ಅಂತ. ಪಟ್ಟಿಯ ಪ್ರತಿ ಹೆಸರಿಗೂ ಹಾಗೇ ಅಂಕ ಕೊಡಿ. ಒಂಬತ್ತು, ಹತ್ತು ಇರುವವರನ್ನು ಈಗ ಮುಟ್ಟಬೇಡಿ. ಮೂರೋ ನಾಲ್ಕೋ ಇರುವವರಿಂದ ಶುರು ಮಾಡಿ. ಫಿಸಿಯೋದವರು ಮೊದಲ ದಿನವೇ ಭಾರ ಎತ್ತಿಸುವುದಿಲ್ಲ. ನಾನು ಟೈಮ್‌ಟೇಬಲ್‌ನವರಿಂದ ಶುರು ಮಾಡಿದೆ.

ಹೆಜ್ಜೆ 3: ನಾಲ್ಕು ದಿನ, ದಿನಕ್ಕೆ 15 ನಿಮಿಷ

ಮನಸ್ಸಿನಲ್ಲಿ ಇರುವುದನ್ನು ಬರೆದು ಹೊರಗೆ ಹಾಕುವ ವಿಧಾನವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಕಾಲೇಜು ಹುಡುಗರ ಮೇಲೆ ಪರೀಕ್ಷೆ ಮಾಡಿದರು. ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ನಿಲ್ಲಿಸದೆ ಬರೆಯುವುದು. ವ್ಯಾಕರಣ, ಕಾಗುಣಿತ ಏನೂ ನೋಡಬೇಕಿಲ್ಲ. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗಬಹುದು, ಗಾಬರಿಯಾಗಬೇಡಿ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಕೂತು ಬರೆಯಲು ಆಗದಿದ್ದರೆ ಮಲಗಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ, ಕೊನೆಗೆ ಅಳಿಸಿ. ನಾನು ಎಷ್ಟೋ ಸಲ ಹಾಗೇ ಮಾಡಿದ್ದು.

ಮೊದಲ ಮೂರು ದಿನ ನಿಮ್ಮ ಕಡೆಯ ಕಥೆ ಬರೆಯಿರಿ. ಬೈಯ್ಯಬೇಕಾದರೆ ಬೈಯ್ಯಿರಿ.

ನಾಲ್ಕನೇ ದಿನಕ್ಕೆ ನಾನು ಒಂದು ಬದಲಾವಣೆ ಮಾಡಿಕೊಂಡೆ. ಕ್ಷಮೆಯ ಬಗ್ಗೆ ದಶಕಗಳ ಕಾಲ ಸಂಶೋಧನೆ ಮಾಡಿದ ಎವರೆಟ್ ವರ್ದಿಂಗ್ಟನ್ ಅನ್ನುವವರು ಐದು ಹಂತಗಳ ಒಂದು ಕ್ರಮ ರೂಪಿಸಿದ್ದಾರೆ, ಅದರ ಎರಡನೇ ಹಂತವೇ ಎದುರಿನವರ ಜಾಗದಲ್ಲಿ ನಿಂತು ನೋಡುವುದು. ಈ ಮನುಷ್ಯ ಪುಸ್ತಕದ ಬದನೆಕಾಯಿ ಅಲ್ಲ. 1996ರ ಹೊಸ ವರ್ಷದ ಹೊತ್ತಿಗೆ ಮನೆಗೆ ನುಗ್ಗಿದವರ ಕೈಯಲ್ಲಿ ಅವರ ತಾಯಿ ಕೊಲೆಯಾದರು, ಆಗ ತಾವು ಹೇಳಿಕೊಡುತ್ತಿದ್ದದ್ದನ್ನು ತಮ್ಮ ಮೇಲೇ ಪ್ರಯೋಗ ಮಾಡಿಕೊಳ್ಳಬೇಕಾಯಿತು.

ಡಾಕ್ಟರ ಸರದಿ ಬಂದಾಗ ನಾಲ್ಕನೇ ದಿನ ನಾನು ಅವರ ಕುರ್ಚಿಯಲ್ಲಿ ಕೂತು ಬರೆಯಲು ನೋಡಿದೆ. ಆಗ ನೆನಪಾಯಿತು. ನನ್ನ ಟೋಕನ್ 61. ಗೋಡೆ ಗಡಿಯಾರದಲ್ಲಿ ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ. ಮೇಜಿನ ಮೂಲೆಯಲ್ಲಿ ಸ್ಟೀಲ್ ಟಿಫಿನ್ ಕ್ಯಾರಿಯರ್, ಕ್ಲಿಪ್ ತೆಗೆದಿರಲಿಲ್ಲ. ನನ್ನ ಹಿಂದೆ ಬಾಗಿಲಲ್ಲಿ ಇನ್ನೂ ಐದಾರು ಜನ ತಲೆ ಹಾಕುತ್ತಿದ್ದರು. ಇಷ್ಟೂ ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ಕೋರ್ಟಿನಲ್ಲಿ ನಾನು ಇದನ್ನು ಸಾಕ್ಷಿಯಾಗಿ ಹಾಜರುಪಡಿಸಿಯೇ ಇರಲಿಲ್ಲ. ಅವರ ಮಾತು ತಪ್ಪೇ, ಇವತ್ತಿಗೂ ತಪ್ಪೇ. ಆದರೆ ಅಲ್ಲಿವರೆಗೆ ನನ್ನ ತಲೆಯಲ್ಲಿದ್ದದ್ದು ರೋಗಿಗಳನ್ನು ಹೀಯಾಳಿಸುವ ಒಬ್ಬ ಖಳನಾಯಕ. ಅವತ್ತಿನಿಂದ ಊಟ ಮಾಡದ ಒಬ್ಬ ಮನುಷ್ಯನಾದರು. ಅಂಕ ಎಂಟರಿಂದ ಐದಕ್ಕೆ ಇಳಿಯಿತು. ಪೂರ್ತಿ ಸೊನ್ನೆ ಆಗಲಿಲ್ಲ, ಆಗಬೇಕು ಅಂತಲೂ ಇಲ್ಲ.

ಎಚ್ಚರಿಕೆ: ಬರೆಯುವಾಗ ಹಳೇ ಹಿಂಸೆ, ದೌರ್ಜನ್ಯದ ನೆನಪು ಉಕ್ಕಿ ಮೈ ನಡುಗಿದರೆ ನಿಲ್ಲಿಸಿಬಿಡಿ. ಅದನ್ನು ಒಬ್ಬರೇ ಮಾಡುವ ಕೆಲಸವಲ್ಲ, ಆಪ್ತಸಮಾಲೋಚಕರ ಜೊತೆ ಮಾಡಿ.

ಹೆಜ್ಜೆ 4: ತೀರ್ಮಾನ ಬೇರೆ, ಹೊಟ್ಟೆಯುರಿ ಬೇರೆ

ವರ್ದಿಂಗ್ಟನ್ ಅವರೇ ಮಾಡುವ ಒಂದು ವಿಂಗಡಣೆ ನನಗೆ ತುಂಬಾ ಉಪಯೋಗಕ್ಕೆ ಬಂತು. ಕ್ಷಮಿಸುತ್ತೇನೆ ಅನ್ನುವ ತೀರ್ಮಾನ ಒಂದು. ಒಳಗಿನ ಉರಿ ಆರುವುದು ಇನ್ನೊಂದು. ತೀರ್ಮಾನ ಒಂದೇ ದಿನದಲ್ಲಿ ಆಗಬಹುದು. ಉರಿ ಆರಲು ತಿಂಗಳುಗಟ್ಟಲೆ ಬೇಕು. ಇದು ಗೊತ್ತಿಲ್ಲದೆ, ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟು ಒಳ್ಳೆ ಮಾತಾಡಿ ಬಂದ ಮೇಲೂ ರಾತ್ರಿ ಸಿಟ್ಟು ಬಂದರೆ "ನಾನು ಕ್ಷಮಿಸಿಯೇ ಇಲ್ಲ, ನಾನು ಕೆಟ್ಟವಳು" ಅಂತ ಕೊರಗುತ್ತಿದ್ದೆ.

ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಒಂದು ವಾಕ್ಯ ಬರೆಯಿರಿ. ನನ್ನದು ಹೀಗಿತ್ತು: "ಇವರಿಗೆ ತಿರುಗಿ ಕೊಡುವ ಲೆಕ್ಕ ಇವತ್ತಿಗೆ ಬಿಟ್ಟೆ. ಹೊಟ್ಟೆ ಇನ್ನೂ ಉರಿಯುತ್ತಿದೆ." ಎರಡೂ ನಿಜ. ಅವರಿಗೆ ಫೋನ್ ಮಾಡಿ ಹೇಳಬೇಕಿಲ್ಲ. ಹೇಳಿದರೆ "ನಾನೇನ್ ಮಾಡ್ದೆ?" ಅನ್ನುತ್ತಾರೆ, ಹೊಸ ಕೇಸು ಹುಟ್ಟುತ್ತದೆ.

ಹೆಜ್ಜೆ 5: ಪಟ್ಟಿಯ ಕೊನೆಯ ಹೆಸರು

ಇದು ಎಲ್ಲಕ್ಕಿಂತ ಕಷ್ಟ. ಬಿದ್ದ ಮೂರನೇ ವಾರಕ್ಕೆ ನಾನು ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಎಳೆದು ಜೋಡಿಸಿದ್ದೆ. ಗೃಹಬಳಕೆಯ ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆಜಿ, ಖಾಲಿ ಉಕ್ಕಿನ ತೂಕ ಬೇರೆ. ಯಾರನ್ನಾದರೂ ಕರೆಯಬಹುದಿತ್ತು. ಕರೆಯಲಿಲ್ಲ. ಇನ್ನೊಂದು ವರ್ಷ, ಬೆನ್ನು ಸ್ವಲ್ಪ ಹಗುರಾಗಿದೆ ಅನ್ನುವ ಧೈರ್ಯದ ಮೇಲೆ ಹಾಸನಾಂಬೆಯ ದರ್ಶನಕ್ಕೆ ಧರ್ಮದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಂತೆ. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆಗೆಯುವ ದೇವಸ್ಥಾನ, ಬಿಟ್ಟರೆ ಮತ್ತೆ ಮುಂದಿನ ದೀಪಾವಳಿಗೇ ಅಲ್ವಾ. ಆಮೇಲೆ ನಾಲ್ಕು ದಿನ ಹಾಸಿಗೆ. ಆ ನಾಲ್ಕೂ ದಿನ ನನ್ನನ್ನು ನಾನು ಬೈದುಕೊಂಡಷ್ಟು ಆ ಬೈಕಿನ ಹುಡುಗನನ್ನೂ ಬೈದಿರಲಿಲ್ಲ.

ಒಳ್ಳೆ ದಿನ ಸಿಕ್ಕಿತು ಅಂತ ಬಟ್ಟೆ, ಪಾತ್ರೆ, ಅಟ್ಟ ಎಲ್ಲ ಒಂದೇ ದಿನ ಮುಗಿಸುವುದು, ಮಾರನೇ ದಿನದಿಂದ ಮಲಗುವುದು, ಎದ್ದ ಮೇಲೆ ಮತ್ತೆ ಅದನ್ನೇ ಮಾಡುವುದು: ನೋವಿರುವವರೆಲ್ಲ ಒಂದಲ್ಲ ಒಂದು ಸಲ ಬೀಳುವ ಗುಂಡಿ ಇದು. ಗುಂಡಿಗೆ ಬಿದ್ದದ್ದಕ್ಕೆ ಬೈದುಕೊಂಡರೆ ಏನಾಗುತ್ತದೆ ಗೊತ್ತಾ? ತಪ್ಪಿತಸ್ಥ ಭಾವನೆ ತೀರಿಸಿಕೊಳ್ಳಲು ಮುಂದಿನ ಒಳ್ಳೆ ದಿನ ಇನ್ನೂ ಜಾಸ್ತಿ ಕೆಲಸ ಮಾಡುತ್ತೀರಿ. ಹಾಗಾಗಿ ಇಲ್ಲಿ ಕ್ಷಮೆ ಬರೀ ಭಾವನೆಯ ವಿಷಯವಲ್ಲ, ಕೆಲಸ ಹಂಚಿಕೊಳ್ಳುವ ವಿಷಯ. ನಾನು ಮಾಡುವುದು ಇಷ್ಟು:

ತಪ್ಪಾಗಿದ್ದರೆ ತಪ್ಪಾಯಿತು ಅಂತ ಒಂದು ಸಲ ಒಪ್ಪಿಕೊಳ್ಳುತ್ತೇನೆ, ಜೋರಾಗಿ, ಬಾಯಿಬಿಟ್ಟು. "ಸಿಲಿಂಡರ್ ಎಳೆದದ್ದು ತಪ್ಪು. ಆಗ ನನಗೆ ಇಷ್ಟು ಗೊತ್ತಿರಲಿಲ್ಲ." ಆಮೇಲೆ ಅದಕ್ಕೊಂದು ಪರಿಹಾರ ಕಟ್ಟುತ್ತೇನೆ. ಈಗ ಸಿಲಿಂಡರ್ ಜೋಡಿಸಲು ಪಕ್ಕದ ಮನೆಯ ಹುಡುಗನನ್ನು ಕರೆಯುತ್ತೇನೆ, ಅದು ನನ್ನ ದಂಡ. ಒಳ್ಳೆ ದಿನವಿದ್ದರೂ 20 ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟು, ಅದು ಹೊಡೆದಾಗ ಕೆಲಸ ಅರ್ಧದಲ್ಲಿದ್ದರೂ ಕೂರುತ್ತೇನೆ. ಅರ್ಧ ಒಗೆದ ಬಟ್ಟೆ ನೋಡುತ್ತಾ ಕೂರುವುದು ಎಷ್ಟು ಕಷ್ಟ ಅಂತ ಮಾಡಿ ನೋಡಿದವರಿಗೇ ಗೊತ್ತು.

ಇನ್ನು ಮೈ. ನನ್ನ ಬೆನ್ನನ್ನು ನಾನು ವರ್ಷಗಟ್ಟಲೆ "ದರಿದ್ರದ ಬೆನ್ನು" ಅಂತಲೇ ಕರೆದಿದ್ದೇನೆ. ರಾತ್ರಿ ಎಣ್ಣೆ ಹಚ್ಚುವಾಗಲೂ ಬೈಯ್ಯುತ್ತಲೇ ಹಚ್ಚುತ್ತಿದ್ದೆ. ಬೌದ್ಧರಲ್ಲಿ ಮೈತ್ರಿ ಧ್ಯಾನ ಅಂತ ಒಂದಿದೆ, ಮೊದಲು ತನಗೆ, ಆಮೇಲೆ ಬೇಕಾದವರಿಗೆ, ಕೊನೆಗೆ ಆಗದವರಿಗೂ ಒಳ್ಳೆಯದಾಗಲಿ ಅಂತ ಹಾರೈಸುವುದು. ಬೆನ್ನುನೋವಿನವರ ಮೇಲೆ ಇದರ ಎಂಟು ವಾರದ ಸಣ್ಣ ಪ್ರಯೋಗವೂ ಆಗಿದೆ, ಅದರಲ್ಲಿ ನೋವು, ಸಿಟ್ಟು ಸ್ವಲ್ಪ ಇಳಿದದ್ದು ಕಂಡಿದೆ. ನನಗೆ ಕಣ್ಣು ಮುಚ್ಚಿ ಕೂತರೆ ನಿದ್ದೆ ಬರುತ್ತದೆ. ಅದಕ್ಕೇ ಎಣ್ಣೆ ಹಚ್ಚುವ ಐದು ನಿಮಿಷವನ್ನೇ ಅದಕ್ಕೆ ಇಟ್ಟುಕೊಂಡೆ. "ಇವತ್ತು ಆರು ಪೀರಿಯಡ್ ನಿಂತಿದ್ದೀಯ, ಸಾಕು" ಅಂತ ಬೆನ್ನಿಗೆ ಹೇಳುತ್ತೇನೆ. ಮೊದಲ ವಾರ ನನಗೇ ನಗು ಬರುತ್ತಿತ್ತು.

ತನ್ನನ್ನು ತಾನು ಕ್ಷಮಿಸಿಕೊಳ್ಳುವುದು ಕಷ್ಟವಾದರೆ ನಿಮ್ಮಲ್ಲೇನೋ ಕೊರತೆ ಇದೆ ಅಂದುಕೊಳ್ಳಬೇಡಿ. ತಾಯಿಯನ್ನು ಕೊಂದವನನ್ನು ಕ್ಷಮಿಸಿದ ಅದೇ ವರ್ದಿಂಗ್ಟನ್, 2005ರಲ್ಲಿ ಸೋದರ ಆತ್ಮಹತ್ಯೆ ಮಾಡಿಕೊಂಡಾಗ ತಮ್ಮನ್ನು ತಾವು ಕ್ಷಮಿಸಿಕೊಳ್ಳಲು ವರ್ಷಗಳೇ ಒದ್ದಾಡಿದರು.

ಹೆಜ್ಜೆ 6: ಕೋರ್ಟಿಗೆ ಆಫೀಸ್ ಟೈಮ್ ಕೊಡಿ

ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ಎರಡಕ್ಕೆ ಅಮೀನ ಬಂದು ಹೆಸರು ಕೂಗುತ್ತಾನೆ. ವಾದಕ್ಕೆ ಇಳಿಯಬೇಡಿ. "ಯೋಚನೆ ಮಾಡಬಾರದು" ಅಂತಲೂ ಹಠ ಹಿಡಿಯಬೇಡಿ, ಬೇಡ ಅಂದಷ್ಟೂ ಬರುತ್ತದೆ. ಮುಂದಕ್ಕೆ ಹಾಕಿ. ಚಿಂತೆಯನ್ನು ಗೊತ್ತಾದ ಹೊತ್ತಿಗೆ ಮುಂದೂಡುವುದು ಮನೋವೈದ್ಯರು, ಥೆರಪಿಸ್ಟ್‌ಗಳು ಹೇಳಿಕೊಡುವ ಹಳೇ ಉಪಾಯ. ನನ್ನ ಕೋರ್ಟಿನ ಟೈಮ್ ಸಂಜೆ ಆರರಿಂದ ಆರೂ ಹತ್ತು. ರಾತ್ರಿ ಹೆಸರು ಕೂಗಿದಾಗ ದಿಂಬಿನ ಪಕ್ಕದ ಚೀಟಿಯಲ್ಲಿ "ಅತ್ತಿಗೆ, ಸಂಜೆ 6" ಅಂತ ಬರೆಯುತ್ತೇನೆ. ಆಮೇಲೆ ಹಲ್ಲು ಸಡಿಲ ಬಿಟ್ಟು, ಭುಜ ಇಳಿಸಿ, ಉಸಿರು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತೇನೆ, ಹತ್ತು ಸಲ. ಮಂಡಿಯ ನಡುವೆ ದಿಂಬು. ಸಂಜೆ ಆರಕ್ಕೆ ಚೀಟಿ ತೆಗೆದರೆ ಎಷ್ಟೋ ದಿನ ವಾದ ಮಾಡಲು ಹುಮ್ಮಸ್ಸೇ ಇರುವುದಿಲ್ಲ, ಹಾಲು ತರಲು ಹೋಗಬೇಕಿರುತ್ತದೆ.

ಕ್ಷಮೆಗೆ ಕೈ ಹಾಕಬಾರದ ಕಡೆ

ಹೊಡೆತ, ಬೈಗುಳ ಇನ್ನೂ ನಡೆಯುತ್ತಿದ್ದರೆ ಈ ಲೇಖನವನ್ನು ಪಕ್ಕಕ್ಕಿಡಿ. ಅಲ್ಲಿ ಮೊದಲು ಬೇಕಾದದ್ದು ಸುರಕ್ಷಿತ ಜಾಗ, ಮಹಿಳಾ ಸಹಾಯವಾಣಿ 181 ಇದೆ. ಬದುಕೇ ಬೇಡ ಅನ್ನಿಸುತ್ತಿದ್ದರೆ, ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ದೊಡ್ಡ ಆಸ್ಪತ್ರೆಗಳಲ್ಲಿ ನೋವಿಗೆಂದೇ ಪೇನ್ ಕ್ಲಿನಿಕ್ ಇರುತ್ತದೆ, ಬಹಳಷ್ಟು ಕಡೆ ಅರಿವಳಿಕೆ ವಿಭಾಗದವರು ನಡೆಸುತ್ತಾರೆ. ಬೋರ್ಡ್ ಕಾಣದಿದ್ದರೆ ಅಲ್ಲೇ ಕೇಳಿ.

ಅತ್ತಿಗೆಯ ಕೇಸು

ಏನಾಯಿತು ಅಂತ ಕೇಳುತ್ತೀರಿ, ಗೊತ್ತು. ನನ್ನ ಪಟ್ಟಿಯಲ್ಲಿ ಅವರದ್ದು ಒಂಬತ್ತು ಇತ್ತು. ಈಗ ನಾಲ್ಕು, ಹಬ್ಬದ ದಿನಗಳಲ್ಲಿ ಆರು. ಹೋದ ತಿಂಗಳು ಒಂದು ಮದುವೆಯಲ್ಲಿ ಸಿಕ್ಕರು. ಊಟದ ಸಾಲಿನಲ್ಲಿ ನಿಂತಿದ್ದೆ, ಸೊಂಟ ಆಗಲೇ ಹಿಡಿಯುತ್ತಿತ್ತು. "ಇನ್ನೂ ಹೋಗಿಲ್ವೇನೇ ನಿನ್ನ ಬೆನ್ನುನೋವು?" ಅಂದರು. ಮೊದಲಾಗಿದ್ದರೆ ಆ ಒಂದು ಮಾತನ್ನು ಮನೆಗೆ ಹೊತ್ತುಕೊಂಡು ಬಂದು ಮೂರು ರಾತ್ರಿ ವಿಚಾರಣೆ ನಡೆಸುತ್ತಿದ್ದೆ.

"ಇಲ್ಲ ಅತ್ತಿಗೆ, ಒಂದು ಕುರ್ಚಿ ಎಳೆದು ಕೊಡ್ತೀರಾ" ಅಂದೆ.

ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಹೋಗಿ, ಯಾರೋ ಮಗುವನ್ನು ಎಬ್ಬಿಸಿ, ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದರು. ಒಂದು ಕಾಲು ಸ್ವಲ್ಪ ಅಲ್ಲಾಡುತ್ತಿತ್ತು.